ಮಾವಿನ ಕೊಂಬೆಯ ಸೀತಾಳೆ ದಂಡೆ

ಮರಕ್ಕೆ ಅಂಟಿಕೊಂಡದ್ದೆಲ್ಲ ಬಂದಳಿಕೆಯೆಂದು ಕತ್ತಿ ಹಿಡಿಯುವವರಿದ್ದಾರೆ. ಸಹೋದರಿಯರೇ, ಸ್ವಲ್ಪ ತಡೆಯಿರಿ. ಬಂದಳಿಕೆ ತೊಗಟೆಯೊಳಗೆ ಇಳಿದು ಮರದ ರಸ ಹೀರುತ್ತದೆ. ಸೀತಾಳೆ ದಂಡೆಯ ಬೇರು ತೊಗಟೆಯ ಮೇಲಷ್ಟೇ ಹರಡಿ, ಮಳೆ ಮಂಜಿನ ನೀರಿನಲ್ಲೇ ಬದುಕುತ್ತದೆ. ಒಣಗಿದಾಗ ಬೂದಿ ಬಣ್ಣದ ಈ ದಪ್ಪ ಬೇರು ಒದ್ದೆಯಾದರೆ ಹಸಿರಾಗುತ್ತದೆ. ಅದೇ ಗುರುತು. ಎಲೆ ಪಟ್ಟಿಯಂತೆ ಉದ್ದ, ದಪ್ಪ, ನಡುವೆ ತಗ್ಗು. ಮೇ-ಜೂನ್‌ನಲ್ಲಿ ಕೆಳಗೆ ತೂಗುವ ಒಂದೊಂದು ದಂಡೆಯಲ್ಲೂ ನೂರಕ್ಕೂ ಮಿಕ್ಕಿ ಹೂಗಳಿರುವುದುಂಟು. ಬಿಳಿಯ ಮೇಲೆ ನೇರಳೆ ಚುಕ್ಕೆ. ಅಸ್ಸಾಮಿನಲ್ಲಿ ಇದು ರಾಜ್ಯದ ಹೂ. ಬಿಹು ಕುಣಿತದ ಹುಡುಗಿಯರು ತುರುಬಿಗೆ ಮುಡಿಯುತ್ತಾರೆ.

ಬೆಳೆಸಲು ಮಣ್ಣು ಬೇಡವೇ ಬೇಡ, ಬೇರು ಕೊಳೆಯುತ್ತದೆ. ಹೂ ಮುಗಿದ ಮೇಲೆ, ಮಳೆಗಾಲದಲ್ಲಿ, ಮಾವು ಅಥವಾ ಹಲಸಿನ ಒರಟು ತೊಗಟೆಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ. ಮರವಿಲ್ಲದವರಿಗೆ ಇದ್ದಿಲು, ಹೆಂಚಿನ ಚೂರು ತುಂಬಿದ ತೂಗುಬುಟ್ಟಿ ಸಾಕು. ಬೆಳಗಿನ ಬಿಸಿಲು ಬೀಳಲಿ. ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ, ಸಂಜೆಯೊಳಗೆ ಬೇರು ಒಣಗಬೇಕು. ಬೇರು ಹಿಡಿಯಿತೇ ಎಂದು ಪದೇಪದೇ ಬಿಚ್ಚಿ ನೋಡಬೇಡಿ. ಮಕ್ಕಳಿಗೂ ಹೇಳಿಡಿ!

ಕಾಡಿನಿಂದ ಮಾತ್ರ ಕಿತ್ತು ತರಬಾರದು, ನರ್ಸರಿಯಲ್ಲಿ ಸಿಗುತ್ತದೆ. ಗಾಳಿಮಳೆಗೆ ಹಿತ್ತಿಲಲ್ಲಿ ಮುರಿದು ಬಿದ್ದ ಕೊಂಬೆಯಲ್ಲಿದ್ದರೆ, ಸೌದೆಯಾಗುವ ಮುನ್ನ ಬಿಡಿಸಿಕೊಳ್ಳಿ.