ಗೋಡೆಗೆ ನೇತುಹಾಕಿದ ಸೈಕಲ್ಲು

ಮೈಸೂರಿನಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಯೊಂದಕ್ಕೆ ಗೆಳೆಯರು ಕರೆದುಕೊಂಡು ಹೋಗಿದ್ದರು. ಗೋಡೆಯ ಮೇಲೆ, ಆಳೆತ್ತರದಲ್ಲಿ, ಒಂದು ಕಪ್ಪು ಸೈಕಲ್ಲು. ಚೈನಿಲ್ಲ, ಟೈರಿನಲ್ಲಿ ಗಾಳಿಯಿಲ್ಲ. ಬ್ರೇಕಿನ ಸರಳುಗಳಿಗೆ ಚಿನ್ನದ ಬಣ್ಣ, ಕ್ಯಾರಿಯರ್ ಮೇಲೆ ಪ್ಲಾಸ್ಟಿಕ್ ಹೂ. ‘ಎಷ್ಟು ಚೆಂದ ಅಲ್ವಾ, ವಿಂಟೇಜ್!’ ಅಂದರು ಜೊತೆಗಿದ್ದವರೊಬ್ಬರು. ನಾವು ಹೊರಗೆ ಬಂದಾಗ ಅಂಥದ್ದೇ ಇನ್ನೊಂದು ಸೈಕಲ್ಲು ಎರಡೂ ಪಕ್ಕ ಎಳನೀರು ತೂಗಿಸಿಕೊಂಡು ರಸ್ತೆಬದಿಯಲ್ಲಿ ನಿಂತಿತ್ತು. ಅದನ್ನು ಯಾರೂ ವಿಂಟೇಜ್ ಅನ್ನಲಿಲ್ಲ. ಫೋಟೋ ತೆಗೆಯಲು ಅಡ್ಡ ಬರುತ್ತದೆ, ಸ್ವಲ್ಪ ಆಚೆ ನಿಲ್ಲಿಸಿ ಎಂದು ಎಳನೀರಿನವರಿಗೆ ಹೇಳಿದ್ದಾಯಿತು.

ನನ್ನ ತಕರಾರು ಈ ಪದದ ಮೇಲೆ. ಅದು ಮೂಲದಲ್ಲಿ ದ್ರಾಕ್ಷಿಯ ಕೊಯ್ಲಿಗೆ, ವೈನಿಗೆ ಸಂಬಂಧಿಸಿದ ಮಾತು. ಇಂಗ್ಲೆಂಡಿನವರು ತಮ್ಮ ಹಳೆಯ ರೋಡ್‌ಸ್ಟರ್ ಸೈಕಲ್ಲನ್ನು ಹಾಗೆ ಕರೆದರೆ ಒಪ್ಪಬಹುದು. ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆ 2002ರಲ್ಲೇ ಬಾಗಿಲು ಹಾಕಿತು. ನಮ್ಮಲ್ಲಿ ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಂತುಹೋಯಿತು ನಿಜ. ಆದರೂ ಅದೇ ಇಂಗ್ಲಿಷ್ ಮಾದರಿಯ, 28 ಇಂಚು ಚಕ್ರದ, ಸರಳು ಬ್ರೇಕಿನ ಕಪ್ಪು ಸೈಕಲ್ಲು ಲೂಧಿಯಾನದಲ್ಲಿ ಈಗಲೂ ತಯಾರಾಗುತ್ತದೆ. ಹಾಲಿನವರು, ಪೇಪರಿನವರು, ಎಳನೀರಿನವರು ಅದನ್ನು ತುಳಿಯುತ್ತಲೇ ಇದ್ದಾರೆ. ಬಳಕೆಯಲ್ಲಿರುವ ವಸ್ತುವನ್ನು ಗತಕಾಲದ್ದು ಎಂದು ಗೋಡೆಗೇರಿಸಿದರೆ, ಅದರ ಮೇಲೆ ದುಡಿಯುವವರನ್ನೂ ಗತಕಾಲಕ್ಕೆ ಸೇರಿಸಿದಂತಾಯಿತು.

ಈ ಕೋಪ ನನಗೆ ಪುಸ್ತಕದಿಂದ ಬಂದದ್ದಲ್ಲ. ಹೋದ ಬೇಸಿಗೆಯಲ್ಲಿ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಮುಂದೆ ಸಾಗದೆ ಊರಿಗೆ ಹೋಗಿ ಕೂತಿದ್ದೆ. ಕೊಟ್ಟಿಗೆಯ ಅಟ್ಟದಲ್ಲಿ ತಾತನ ಸೈಕಲ್ಲಿನ ಫ್ರೇಮು ಸಿಕ್ಕಿತು. ಕಂಪನಿಯ ಬಿಲ್ಲೆ ಎಂದೋ ಉದುರಿತ್ತು. ಅದನ್ನು ಮೈಸೂರಿನ ಬಾಡಿಗೆ ಮನೆಗೆ ತಂದು, ನನಗೆ ಬೇಕಾದ ಹಾಗೆ ಕಟ್ಟಿಕೊಳ್ಳಲು ಹೊರಟೆ. ದಿಬ್ಬ ಹತ್ತಲು ಹಗುರವಾಗಲೆಂದು 18 ಹಲ್ಲಿನ ಫ್ರೀವೀಲ್ ಬದಲು 22 ಹಲ್ಲಿನದು ಕೊಂಡೆ. ಮುಂದಿನದಕ್ಕೆ 44 ಹಲ್ಲು. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತು. ಪುಸ್ತಕ ಹೊರಲು ಅಗಲದ ಕ್ಯಾರಿಯರ್. ಇಷ್ಟಕ್ಕೆಲ್ಲ ಸ್ಪ್ಯಾನರ್ ಹಿಡಿಯಲು ಬಂದರೆ ಸಾಕು. ಚಕ್ರ ಕಟ್ಟುವುದು ಬೇರೆಯೇ ಮಾತು.

ಹಿಂದಿನ ಚಕ್ರಕ್ಕೆ 40 ಸ್ಪೋಕ್ ಕಡ್ಡಿಗಳು, ಮುಂದಿನದಕ್ಕೆ 32. ಕಡ್ಡಿಗಳು ಹಬ್‌ನಿಂದ ನೇರವಾಗಿ ರಿಮ್ಮಿಗೆ ಹೋಗುವುದಿಲ್ಲ. ಓರೆಯಾಗಿ, ಎದುರು ಬರುವ ಕಡ್ಡಿಗಳನ್ನು ದಾಟಿಕೊಂಡು ಹೋಗುತ್ತವೆ. ಚೈನಿನ ಎಳೆತವನ್ನು ಹಬ್‌ನಿಂದ ರಿಮ್ಮಿಗೆ ಮುಟ್ಟಿಸುವುದು ಈ ಓರೆಯೇ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಷ್ಟು ತೆಳ್ಳಗಿನ ತಂತಿ ಮನುಷ್ಯನನ್ನು ಹೇಗೆ ಹೊರುತ್ತದೆ? ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿರುತ್ತಾರೆ. ಭಾರ ಬಿದ್ದಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಬಿಗಿ ಸಾಲದ ಕಡ್ಡಿ ಪ್ರತಿ ಸುತ್ತಿಗೂ ಅಲುಗಾಡಿ, ಹಬ್ ಹತ್ತಿರದ ಬಾಗಿನಲ್ಲಿ ತುಂಡಾಗುತ್ತದೆ. ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರಲ್ಲಿ ‘ದಿ ಬೈಸಿಕಲ್ ವೀಲ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ.

ನಾನು ಅದನ್ನು ಓದಿಕೊಂಡೇ ಕೂತೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಫ್ರೇಮಿನ ಎಡಗೊಳವೆಗೆ ಸೀಮೆಸುಣ್ಣದ ತುಂಡು ಕಟ್ಟಿ ಚಕ್ರ ತಿರುಗಿಸಿದೆ. ಸುಣ್ಣ ಎಲ್ಲಿ ತಾಗುತ್ತದೋ ಅಲ್ಲಿ ರಿಮ್ಮು ಎಡಕ್ಕೆ ಉಬ್ಬಿದೆ ಎಂದರ್ಥ. ಆ ಜಾಗದ ಬಲಗಡೆಯ ನಿಪ್ಪಲನ್ನು ಕಾಲು ಸುತ್ತು ಬಿಗಿ, ಎಡಗಡೆಯದನ್ನು ಕಾಲು ಸುತ್ತು ಸಡಿಲಿಸು. ಮೂರು ಸಂಜೆ ಹೀಗೇ ಕಳೆದವು. ನಾಲ್ಕನೇ ಸಂಜೆ ಚಕ್ರ ಒಂದಿಷ್ಟೂ ಬಳುಕದೆ ತಿರುಗಿತು. ಟೈರು ಹಾಕಿ ಹತ್ತಿದೆ. ಅದು ಬಲಗಡೆಯ ಕೊಳವೆಗೆ ಉಜ್ಜತೊಡಗಿತು.

ಗಲ್ಲಿಯ ತುದಿಯ ಸೈಕಲ್ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ. ಚಕ್ರ ಬಿಚ್ಚಿ, ಎಡಬಲ ಅದಲುಬದಲು ಮಾಡಿ ಅದೇ ಫ್ರೇಮಿಗೆ ಹಾಕಿದರು. ಈಗ ಅದು ಎಡಕ್ಕೆ ಉಜ್ಜಿತು. ‘ನೋಡಿ ಮೇಷ್ಟ್ರೇ, ಬೆಂಡ್ ಏನೋ ತೆಗ್ದಿದ್ದೀರಿ, ನಡು ಮಾತ್ರ ತಪ್ಪಿದೆ. ಒಂದೇ ಕಡೆಯಿಂದ ನೋಡ್ಕೊಂಡು ಕೂತ್ರೆ ಹಿಂಗೇ ಆಗೋದು.’ ಆಮೇಲೆ ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿದರು. ಮಂಕಾಗಿ ಸದ್ದು ಮಾಡಿದವಕ್ಕೆ ಕೀಲಿ ಹಾಕಿದರು. ಅರ್ಧ ಗಂಟೆಯಲ್ಲಿ ಚಕ್ರ ಎರಡು ಕೊಳವೆಗಳ ನಟ್ಟನಡುವೆ ನಿಂತಿತು. ಕೇಳಿದ ಕೂಲಿ 80 ರೂಪಾಯಿ. ಆ ಕಾಫಿ ಅಂಗಡಿಯಲ್ಲಿ ನಾನು ಕೊಟ್ಟದ್ದು 220.

ಈ ಕೆಲಸ ಯಾರಿಗೆ ಕಲಿಸಿದ್ದೀರಿ ಎಂದು ಕೇಳಿದೆ. ‘ಯಾರಿಗೂ ಇಲ್ಲ. ಮಗ ಮೊಬೈಲ್ ಅಂಗಡೀಲಿದ್ದಾನೆ. ಇದನ್ನ ನೆಚ್ಚಿಕೊಂಡವನಿಗೆ ಯಾರು ಹೆಣ್ಣು ಕೊಡ್ತಾರೆ?’

ನಾಚಿಕೆಯಾಗಬೇಕಾದ್ದು ಇಲ್ಲಿ. ಬ್ರಾಂಟ್‌ನ ಪುಸ್ತಕವನ್ನು ನಾನು ಅಡಿಟಿಪ್ಪಣಿಯಲ್ಲಿ ಹೆಸರಿಸಬಲ್ಲೆ; ಈ ಹಿರಿಯರನ್ನು ಹೆಸರಿಸಲು ನಮ್ಮ ಪ್ರಬಂಧಗಳಲ್ಲಿ ಜಾಗವಿಲ್ಲ. ಬಂದರೂ ‘ಮಾಹಿತಿದಾರರು’ ಎಂಬ ಪಟ್ಟಿಯಲ್ಲಿ ಬರಬೇಕು. ಕಾಯಕದ ಬಗ್ಗೆ ವಿಚಾರ ಸಂಕಿರಣ ನಡೆಸುತ್ತೇವೆ, ಬೆಂಡ್ ತೆಗೆಯುವವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಪಡೆದ ತಲೆಮಾರು ನಮ್ಮದು. ಒಳಗೆ ಬಲ, ಘರ್ಷಣೆ ಎಂದು ನೋಟ್ಸ್ ಬರೆದುಕೊಂಡೆವು. ಹೊರಗೆ ನಿಂತಿದ್ದ ಸೈಕಲ್ಲಿನ ಒಂದು ನಟ್ಟು ಬಿಚ್ಚಿ ನೋಡಿ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದೂ ಗತಕಾಲದ ಹಂಬಲವೇ ತಾನೇ ಎಂದು ನೀವು ಕೇಳಬಹುದು. ತಾತನ ಫ್ರೇಮಿಗೆ ಅದು ಅಂಟಿರುವುದನ್ನು ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಇಂದಿನ ಕೂಲಿಯ ಬಗ್ಗೆ. ಗೇರಿನ ಸೈಕಲ್ಲಿಗೂ ಕಡ್ಡಿಗಳಿವೆ, ಅವೂ ಸಡಿಲವಾಗುತ್ತವೆ, ಆಗಲೂ ಬೆಂಡ್ ತೆಗೆಯುವ ಕೈ ಬೇಕು. ‘ಮನೆಯಲ್ಲೇ, ನಾನೇ ಮಾಡಿದೆ’ ಎಂಬ ಈಚಿನ ಹೆಮ್ಮೆಯನ್ನೂ ನಾನು ನಂಬುವುದಿಲ್ಲ. ನಾನೇ ಮಾಡಿದ ಚಕ್ರ ಫ್ರೇಮಿಗೆ ಉಜ್ಜುತ್ತಿತ್ತು. ಮನೆಯಲ್ಲಿ ಚಕ್ರ ಕಟ್ಟಿದ್ದರಿಂದ ನನಗೆ ಆದ ಲಾಭ ಒಂದೇ: ಆ ಅರ್ಧ ಗಂಟೆಯಲ್ಲಿ ಅವರು ಮಾಡಿದ್ದು ಎಷ್ಟು ದೊಡ್ಡದೆಂದು ನೋಡಿ ತಿಳಿಯುವಷ್ಟು ಕಣ್ಣು ಬಂತು.

ಹಾಗಾಗಿ ವಿಂಟೇಜ್ ಪ್ರಿಯರಿಗೆ ನನ್ನದೊಂದು ಸವಾಲು. ಆ ಗೋಡೆಯ ಸೈಕಲ್ಲನ್ನು ಇಳಿಸಿ. ನಿಮ್ಮ ಬೀದಿಯ ರಿಪೇರಿಯವರ ಹತ್ತಿರ ಒಯ್ದು ಓವರಾಯಿಲಿಂಗ್ ಮಾಡಿಸಿ, ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಆಗುವುದಾದರೆ ಎರಡು ಸಂಜೆ ಅಲ್ಲೇ ಕೂತು ಕಲಿಯಿರಿ. ನಾನು ಶನಿವಾರ ಸಂಜೆ ಹೋಗುತ್ತಿದ್ದೇನೆ. ಮುಂದಿನ ಚಕ್ರದ 32 ಕಡ್ಡಿಗಳು ಇನ್ನೂ ಬಾಕಿ ಇವೆ.