ರೀಲು ತೊಳೆಯುವ ತನಕ ತಟ್ಟೆ ಇಡ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದವರಿಗೆ ಎರಡು ಚಿಂತೆ ಇರುತ್ತಿದ್ದವು. ರೀಲು ಸಾಲುತ್ತದೋ ಇಲ್ಲವೋ ಎಂಬುದು ಒಂದು, ಊಟ ಸಿಗುತ್ತದೋ ಇಲ್ಲವೋ ಎಂಬುದು ಇನ್ನೊಂದು. ಧಾರೆ, ಆರತಿ, ಬೀಗರ ಗುಂಪು, ಸೋದರಮಾವನ ಮನೆಯವರ ಗುಂಪು ಎಲ್ಲ ಮುಗಿಸಿ ಚೀಲ ಹೆಗಲಿಗೇರಿಸುವ ಹೊತ್ತಿಗೆ ಕೊನೆಯ ಪಂಕ್ತಿಯೂ ಎದ್ದು, ಪಾಯಸದ ಪಾತ್ರೆ ತೊಳೆಯಲು ಹೋಗಿರುತ್ತಿತ್ತು. ಹೀಗಾಗಿ ಫೋಟೊದವರಿಗೆ ಹೋಟೆಲೇ ಗತಿ.

ಬಲಸಮುದ್ರದ ಸುತ್ತಿನ ಹಳ್ಳಿಗಳ ಮೂರು ತಲೆಮಾರನ್ನು ಕ್ಯಾಮೆರಾದಲ್ಲಿ ಹಿಡಿದಿರುವ ಹಿರಿಯ ಛಾಯಾಗ್ರಾಹಕರೊಬ್ಬರಿಗೆ ಈಗಲೂ ಮಾತೆಂದರೆ ಈ ಎರಡೇ. ಅವರು ಕೆಲಸ ಶುರು ಮಾಡಿದ್ದು 120ರ ರೀಲಿನಲ್ಲಿ. ಚೌಕ ಚಿತ್ರವಾದರೆ ಒಂದು ರೀಲಿಗೆ ಹನ್ನೆರಡೇ. ಆಮೇಲೆ ಬಂದ ಚಿಕ್ಕ ರೀಲಿನಲ್ಲಿ ಮೂವತ್ತಾರು ಸಿಕ್ಕಾಗ ದೊಡ್ಡ ಜಮೀನು ಸಿಕ್ಕಂತಾಯಿತಂತೆ. ಆದರೂ ಗುಂಡಿ ಒತ್ತುವ ಮುನ್ನ ಹನ್ನೆರಡರ ಲೆಕ್ಕವೇ ತಲೆಯಲ್ಲಿ. ಮೂವತ್ತು ಜನರ ಗುಂಪಿನಲ್ಲಿ ಕಣ್ಣು ಮುಚ್ಚಿದವರು ಯಾರು ಎಂದು ನೋಡಿ, ಮಕ್ಕಳ ಮೂಗು ಒರೆಸಿಸಿ, ಆಮೇಲೆ ಒಂದೇ ಒಂದು.

ಕಪ್ಪು ಬಿಳುಪಿನ ರೀಲನ್ನು ಸ್ಟುಡಿಯೊ ಹಿಂದಿನ ಕತ್ತಲೆ ಕೋಣೆಯಲ್ಲೇ ತೊಳೆಯುತ್ತಿದ್ದರು. ಕಲರ್ ಬಂದ ಮೇಲೆ ತುಮಕೂರಿನ ಲ್ಯಾಬಿಗೆ ಬಸ್ಸು ಹತ್ತಬೇಕಾಯಿತು. ಕಲರ್ ರೀಲಿಗೆ ಡೆವಲಪರ್‌ನಲ್ಲಿ 3 ನಿಮಿಷ 15 ಸೆಕೆಂಡು, ಶಾಖ ಸುಮಾರು 38 ಡಿಗ್ರಿ. ಅರ್ಧ ಡಿಗ್ರಿ ಆಚೀಚೆಯಾದರೂ ಮದುಮಗಳ ಮುಖದ ಬಣ್ಣ ಕೆಡುತ್ತದೆ. ಅದೆಲ್ಲ ಮುಗಿದು ಪ್ರಿಂಟು ಕೈಗೆ ಬರುವ ತನಕ ಮಾಡುವುದೇನು? ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು. ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಥರ್ಮಾಮೀಟರೂ ಗಡಿಯಾರವೂ ಇಲ್ಲದೆ, ಹಬೆಯ ವಾಸನೆ ನೋಡಿಯೇ ಇಳಿಸುವ ಭಟ್ಟರ ಮುಂದೆ ಲ್ಯಾಬಿನವರು ಯಾವ ಲೆಕ್ಕ ಎಂಬುದು ಅವರ ವಾದ. ಇಡ್ಲಿಯ ರುಚಿಯಲ್ಲಿ ಅರ್ಧ ಪಾಲು ರೀಲು ಹೇಗೆ ಬಂದಿದೆಯೋ ಎಂಬ ಅಳುಕಿನದು ಎಂದೂ ಸೇರಿಸುತ್ತಾರೆ. ಈಗಿನ ಹುಡುಗರು ಇಡ್ಲಿಗೇ ನಾಲ್ಕು ಕಡೆಯಿಂದ ಫೋಟೊ ತೆಗೆದು, ಆರಿಸಿಕೊಂಡು ತಿನ್ನುವುದನ್ನು ಕಂಡರೆ ಅವರಿಗೆ ಸಂಕಟ. ಇಡ್ಲಿಯಾದರೂ ಹೋಗಲಿ, ಆರಿದ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ?

ಈ ಸೀಮೆಯ ಬೆಳಕು ಸುಲಭದ್ದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಮುಂದೆ ಜನರನ್ನು ನಿಲ್ಲಿಸಿದರೆ, ಬಿಸಿಲಿಗೆ ಹೊಳೆಯುವ ಬಂಡೆಯನ್ನು ನೋಡಿ ಕ್ಯಾಮೆರಾದ ಮೀಟರು ಮೋಸ ಹೋಗುತ್ತದೆ. ಬೆಳಕು ಬಹಳ ಇದೆಯೆಂದು ತಿಳಿದು ಕಡಿಮೆ ಬಿಡುತ್ತದೆ. ಬಂಡೆ ಬೂದಿಯಾಗಿ, ಮುಖಗಳು ಮಸಿಯಾಗುತ್ತವೆ. ಆದ್ದರಿಂದ ಒಂದು ಸ್ಟಾಪು ಹೆಚ್ಚು ತೆರೆಯಬೇಕು. ರೀಲಿಗೆ ಬೆಳಕು ತುಸು ಹೆಚ್ಚಾದರೆ ನಡೆಯುತ್ತದೆ, ಕಡಿಮೆಯಾದರೆ ನೆರಳಿನಲ್ಲಿದ್ದವರು ಮತ್ತೆ ಸಿಗುವುದಿಲ್ಲ. ಡಿಜಿಟಲ್‌ನಲ್ಲಿ ಇದು ತಿರುಗುಮುರುಗು; ಹೆಚ್ಚಾದರೆ ಬಿಳಿ ಪಂಚೆ ಬರೀ ಬಿಳಿಯಾಗಿಬಿಡುತ್ತದೆ. ಮೈದನಹಳ್ಳಿಯ ಕೃಷ್ಣಮೃಗಗಳಂತೂ ಎರಡಕ್ಕೂ ಪರೀಕ್ಷೆ: ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು. 798 ಎಕರೆಯ ಆ ಬಯಲು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಒಂದು ಕಾಲಕ್ಕೆ ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೀಲು, ಕಾಗದ ಸ್ಟುಡಿಯೊಗಳಿಗೆ ಬರುತ್ತಿತ್ತು. ಅದು ಮುಚ್ಚಿತು. ಜಗತ್ತಿನಾದ್ಯಂತ ಹೆಸರಾಗಿದ್ದ ಕೊಡಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. 2012ರಲ್ಲಿ ಕೊಡಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಈಗ ಒಂದು ಕಲರ್ ರೀಲಿನ ಬೆಲೆ ಹೊಲದ ಕೂಲಿಯ ಒಂದು ದಿನದ ದುಡಿಮೆಗಿಂತ ಹೆಚ್ಚು. ತೊಳೆಸಲು ಬೆಂಗಳೂರಿಗೆ ಕೊರಿಯರ್. ಕತ್ತಲೆ ಕೋಣೆಯಲ್ಲಿ ರಾಗಿ ಮೂಟೆ ಕೂತಿದೆ. ಅವರು ವರ್ಷಕ್ಕೆ ಎರಡು ಮೂರು ರೀಲು ಹಾಕುತ್ತಾರೆ, ಅಷ್ಟೆ.

ಆದರೆ ಬಿಸ್ಕತ್ ಡಬ್ಬಿಗಳಲ್ಲಿ ತುಂಬಿಟ್ಟ ನೆಗೆಟಿವ್‌ಗಳ ಬೇಡಿಕೆ ಕಡಿಮೆಯಾಗಿಲ್ಲ. ಊರಿನಲ್ಲಿ ಹಿರಿಯರು ತೀರಿಕೊಂಡರೆ ಹನ್ನೊಂದನೇ ದಿನಕ್ಕೆ ಹಾರ ಹಾಕಲು ಫೋಟೊ ಬೇಕು. ಮಕ್ಕಳ ಫೋನಿನಲ್ಲಿದ್ದದ್ದು ಫೋನು ಕೆಟ್ಟಾಗಲೇ ಹೋಗಿರುತ್ತದೆ. ಆಗ ಇಲ್ಲಿಗೆ ಬರುತ್ತಾರೆ. ಯಾವುದೋ ಮದುವೆಯ ಗುಂಪಿನ ಅಂಚಿನಲ್ಲಿ, ಸೆರಗು ಹೊದ್ದು ನಿಂತ ತಾಯಿಯ ಮುಖ ಅಕ್ಕಿಕಾಳಿನಷ್ಟು. ಅದನ್ನೇ ಹಿಗ್ಗಿಸಿ ಕೊಡಬೇಕು. ಹಿಗ್ಗಿಸಿದಾಗ ಮುಖ ಮಸುಕಾದರೂ ಮಕ್ಕಳಿಗೆ ಗುರುತು ಹತ್ತುತ್ತದೆ.

ತೊಡಕಿರುವುದು ಹೆಸರಿನಲ್ಲಿ. ಹಳೆಯ ಕವರುಗಳ ಮೇಲೆ ತಾರೀಕು ಬಿಟ್ಟರೆ ಏನೂ ಇಲ್ಲ. ಮುಖ ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಡಬ್ಬಿಗಳಿಗೆ ಗೆದ್ದಲು, ತೇವದ ಭಯ ಬೇರೆ. ಅದಕ್ಕೇ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅವರು ಡಬ್ಬಿ ಹಿಡಿದು ತಾವು ಊಟ ಮಾಡುವ ಹೋಟೆಲಿಗೇ ಹೋಗುತ್ತಾರೆ. ಅಲ್ಲಿನ ಹಳೆಯ ಸಪ್ಲೈಯರ್‌ಗೆ ಸುತ್ತಿನ ಹಳ್ಳಿಯವರೆಲ್ಲ ಪರಿಚಯ. ಯಾರು ಎಷ್ಟು ಮುದ್ದೆ ನುಂಗುತ್ತಿದ್ದರು, ಯಾರು ಸಾಲ ಹೇಳಿ ಹೋದವರು ಎಂಬುದೂ ನೆನಪು. ಇಬ್ಬರೂ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು, ಕಪ್ಪು ಬಿಳುಪು ಅದಲುಬದಲಾದ ಮುಖಗಳಲ್ಲಿ ಗುರುತು ಹುಡುಕುತ್ತಾರೆ. ಸಿಕ್ಕ ಹೆಸರನ್ನು ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಎರಡು ಡಬ್ಬಿ ಮುಗಿದಿವೆ. ಹನ್ನೊಂದು ಉಳಿದಿವೆ.