ಮೊದಲ ಪುಸ್ತಕ ಆಧಾರವನ್ನೂ ಹೇಳಲಿ

ಹರಪ್ಪ, ಸುಮೇರ್, ಈಜಿಪ್ಟ್‌ಗಳ ಬಗ್ಗೆ ಹೊಸದಾಗಿ ಓದಲು ಹೊರಟವರಿಗೆ ಯಾವ ಪುಸ್ತಕ ಕೊಡಬೇಕು? ಮಳಿಗೆಯಲ್ಲಿ ಕಣ್ಣು ಮೊದಲು ಹೋಗುವುದು ಬಣ್ಣದ ಚಿತ್ರಗಳತ್ತ, ಜಗತ್ತಿನ ಎಲ್ಲ ನಾಗರಿಕತೆಗಳನ್ನೂ ಒಂದೇ ಸಂಪುಟದಲ್ಲಿ ತಿಳಿಸುತ್ತೇವೆ ಎನ್ನುವ ಶೀರ್ಷಿಕೆಗಳತ್ತ. ಆದರೆ ನಾಲ್ಕೈದು ಸಾವಿರ ವರ್ಷ ಹಿಂದಿನ ಜನರ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಇದಕ್ಕೆ ಉತ್ತರಿಸದ ಪುಸ್ತಕ ಎಷ್ಟೇ ಚೆಂದವಿದ್ದರೂ ಮೊದಲ ಓದಿಗೆ ತಕ್ಕದ್ದಲ್ಲ.

ಪರೀಕ್ಷೆ ಸುಲಭ. ಮೊದಲು ಹರಪ್ಪ ಅಥವಾ ಸಿಂಧೂ ನಾಗರಿಕತೆಯ ಮೊಹೆಂಜೊದಾರೊ ನಗರ ಅಳಿದ ಬಗ್ಗೆ ಇರುವ ಪುಟ ತೆರೆಯಿರಿ. ಅಲ್ಲಿನ ಬೀದಿ, ಮನೆಗಳಲ್ಲಿ ಸಿಕ್ಕಿದ್ದ ಅಸ್ಥಿಪಂಜರಗಳನ್ನು ಮುಂದಿಟ್ಟು ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1940ರ ದಶಕದಲ್ಲಿ ಇದು ಆರ್ಯರ ದಾಳಿಯ ಕುರುಹು ಎಂದು ವಾದಿಸಿದರು. 1964ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಆ ವಾದವನ್ನು ಒರೆಗೆ ಹಚ್ಚಿದರು. ಅಸ್ಥಿಗಳು ಒಂದೇ ಕಾಲದವು ಎನ್ನಲು ಆಧಾರವಿರಲಿಲ್ಲ. ಕೊನೆಯ ಕಾಳಗ ನಡೆಯಬೇಕಿದ್ದ ಕೋಟೆಯೊಳಗೆ ಒಂದು ಶವವೂ ಸಿಕ್ಕಿರಲಿಲ್ಲ. ಕ್ರಿ.ಪೂ. 1900ರ ಸುಮಾರಿಗೆ ಶುರುವಾದ ಸಿಂಧೂ ನಗರಗಳ ಇಳಿಗಾಲಕ್ಕೆ ಮಳೆಗಾಲ ದುರ್ಬಲವಾದದ್ದು, ನದಿಗಳು ಬತ್ತಿದ್ದು, ದೂರದ ವ್ಯಾಪಾರ ಕುಗ್ಗಿದ್ದು ಕಾರಣವೆಂದು ವಿದ್ವಾಂಸರು ಇಂದು ಚರ್ಚಿಸುತ್ತಾರೆ. ದಾಳಿಯ ಕಥೆಯನ್ನು ಈಗಲೂ ಸತ್ಯವೆಂದು ಹೇಳುವ ಪುಸ್ತಕವನ್ನು ಕಪಾಟಿಗೇ ಮರಳಿಸುವುದು ಲೇಸು.

ಎರಡನೆಯದು ಲಿಪಿಯ ಪುಟ. 1822ರಲ್ಲಿ ವಿದ್ವಾಂಸ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿ ಬಿಡಿಸಲು ರೊಸೆಟ್ಟಾ ಶಿಲೆಯ ಗ್ರೀಕ್ ಪಾಠ ನೆರವಾಯಿತು. ಸಿಂಧೂ ಲಿಪಿಗೆ ಅಂಥ ದ್ವಿಭಾಷಾ ಶಾಸನ ಈವರೆಗೆ ದೊರೆತಿಲ್ಲ; ಬರಹಗಳಲ್ಲಿ ಸರಾಸರಿ ಐದೇ ಚಿಹ್ನೆಗಳು. 1977ರಲ್ಲಿ ಆ ಬರಹಗಳ ಪದಾನುಕ್ರಮಣಿಕೆ ಸಿದ್ಧಪಡಿಸಿದ ಐರಾವತಂ ಮಹಾದೇವನ್ ಅವುಗಳ ಭಾಷೆ ದ್ರಾವಿಡವೆಂದು ವಾದಿಸಿದರು. ಕನ್ನಡಿಗರಿಗೆ ಹಿತವೆನಿಸುವ ಮಾತು ಇದು. ಆದರೂ ಇನ್ನೂ ಸಾಬೀತಾಗಿಲ್ಲ. ಸಂಸ್ಕೃತವೆಂದೋ ದ್ರಾವಿಡವೆಂದೋ ತೀರ್ಪು ಕೊಡುವ ಪುಸ್ತಕ ಓದುಗರಿಗೆ ನ್ಯಾಯ ಮಾಡುವುದಿಲ್ಲ.

ಮೂರನೆಯದು ಅಚ್ಚಾದ ವರ್ಷ. ಬೇಸಾಯ, ಅದರಿಂದ ಮಿಗುವ ಧಾನ್ಯ, ಆಮೇಲೆ ಊರು, ಭವ್ಯ ಕಟ್ಟಡ ಎಂಬ ಕ್ರಮವನ್ನು ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಸೊಗಸಾಗಿ ಬರೆದರು. ಆದರೆ 1995ರಲ್ಲಿ ಕ್ಲಾಸ್ ಶ್ಮಿಟ್ ಅಗೆಯಲು ತೊಡಗಿದ ಟರ್ಕಿಯ ಗೊಬೆಕ್ಲಿ ತೆಪೆಯಲ್ಲಿ, ಕ್ರಿ.ಪೂ. 9500ರ ಸುಮಾರಿನ ಬೇಟೆಗಾರರು ನಿಲ್ಲಿಸಿದ ಬೃಹತ್ ಕಲ್ಲುಕಂಬಗಳು ಹೊರಬಂದವು. ಭವ್ಯ ಕಟ್ಟಡಕ್ಕೆ ಮೊದಲು ಬೇಸಾಯ ಬೇಕೇಬೇಕೆಂಬ ಆ ಕ್ರಮ ಇದರಿಂದ ಪ್ರಶ್ನೆಗೊಳಗಾಯಿತು; ಅದಕ್ಕೂ ಹಿಂದೆ ಅಚ್ಚಾದ ಪುಸ್ತಕಕ್ಕೆ ಇದು ಗೊತ್ತಿರದು. ಚೈಲ್ಡ್‌ರನ್ನು ಓದಲೇಬೇಕು, ಆದರೆ ಎರಡನೆಯ ಪುಸ್ತಕವಾಗಿ.

ಹಾಗಾದರೆ ಶುರು ಎಲ್ಲಿಂದ? ಜಗತ್ತನ್ನೆಲ್ಲ ಸುತ್ತಿಸುವ ಪುಸ್ತಕದಿಂದ ಬೇಡ. ಅದರಲ್ಲಿ ಪಿರಮಿಡ್ಡು, ರಾಜರ ಹೆಸರುಗಳಿಗೆ ಸಿಗುವ ಜಾಗ ಆಧಾರಗಳಿಗೆ ಸಿಗದು. ಇಂಗ್ಲಿಷ್ ಓದಬಲ್ಲವರಿಗೆ ಇರ್ಫಾನ್ ಹಬೀಬ್ ಅವರ ‘ದಿ ಇಂಡಸ್ ಸಿವಿಲೈಸೇಶನ್’ ಒಳ್ಳೆಯ ಹೊಸ್ತಿಲು. ಅಲ್ಲಿಂದ ಉಪಿಂದರ್ ಸಿಂಗ್ ಅವರ ಪ್ರಾಚೀನ ಭಾರತದ ಇತಿಹಾಸಕ್ಕೆ ದಾಟಬಹುದು. ಗ್ವೆಂಡೊಲಿನ್ ಲೀಕ್ ಅವರ ‘ಮೆಸೊಪೊಟೇಮಿಯಾ’ದಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ನಗರ. ಅವುಗಳಲ್ಲೊಂದು ಸುಮೇರ್‌ನ ಉರುಕ್; ಅಲ್ಲಿನ ಅತಿ ಹಳೆಯ ಜೇಡಿಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಧಾನ್ಯ, ಕುರಿ, ಕೂಲಿಗಳ ಲೆಕ್ಕವೆಂದು ತಿಳಿದಾಗ ಇತಿಹಾಸ ಅರಮನೆ ಬಿಟ್ಟು ದುಡಿಯುವವರ ಬಳಿ ಬರುತ್ತದೆ.

ಕನ್ನಡದ ಓದುಗರಿಗೆ ಇಂಥ ಪುಸ್ತಕ ಕನ್ನಡದಲ್ಲೇ, ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕೃತವಾಗಿ ಸಿಗಬೇಕು. ಅದರಲ್ಲಿ ನಮ್ಮ ನೆಲದ ಕಥೆಯೂ ಇರಬೇಕು: ಮೊಹೆಂಜೊದಾರೊ ಉಚ್ಛ್ರಾಯದಲ್ಲಿದ್ದಾಗ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ದನಗಾಹಿಗಳು ಸಗಣಿ ಸುಟ್ಟು ಬೂದಿದಿಬ್ಬಗಳನ್ನು ಎಬ್ಬಿಸುತ್ತಿದ್ದರು. ಇಟ್ಟಿಗೆ ನಗರವನ್ನೂ ಬೂದಿದಿಬ್ಬವನ್ನೂ ಒಂದೇ ಕಾಲಪಟ್ಟಿಯಲ್ಲಿಟ್ಟು ತೋರಿಸಿದರೆ, ನಾಗರಿಕತೆ ಎಲ್ಲರೂ ಒಂದೇ ಹಾದಿಯಲ್ಲಿ ಏರಿದ ಮೆಟ್ಟಿಲಲ್ಲ ಎಂಬುದು ಹೈಸ್ಕೂಲು ವಿದ್ಯಾರ್ಥಿಗೂ ತಿಳಿಯುತ್ತದೆ. ಪುರಾತತ್ವಜ್ಞರು ಬರೆಯಲು, ಪ್ರಕಾಶಕರು ಅಚ್ಚು ಹಾಕಲು, ಗ್ರಂಥಾಲಯಗಳು ಕೊಳ್ಳಲು ಮುಂದಾಗಬೇಕು. ಆಧಾರ ಕೇಳುವ ಅಭ್ಯಾಸವನ್ನು ಮೊದಲ ಪುಸ್ತಕವೇ ಕಲಿಸಿದರೆ, ಮುಂದೆ ಯಾರೂ ಹಳೆಯ ಕಾಲದ ಹೆಸರಿನಲ್ಲಿ ಆ ಓದುಗರನ್ನು ಸುಲಭವಾಗಿ ದಾರಿ ತಪ್ಪಿಸಲಾರರು.